ಐದು ಅಂಕದ ಸೋಲು

175–170. 2025ರ ಮೇ ತಿಂಗಳಲ್ಲಿ ಬಿಬಿಸಿ ಟಿವಿಯ ಕಾಲೇಜು ರಸಪ್ರಶ್ನೆ ‘ಯೂನಿವರ್ಸಿಟಿ ಚಾಲೆಂಜ್’ನ ಫೈನಲ್ ಮುಗಿದಾಗ ಇದ್ದ ಅಂಕ ಇದು. ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜು ಗೆದ್ದಿತು, ವಾರಿಕ್ ವಿಶ್ವವಿದ್ಯಾಲಯ ಸೋತಿತು. ಅರ್ಧ ಗಂಟೆಯ ಆಟ, ಎಂಟು ಜನ ವಿದ್ಯಾರ್ಥಿಗಳು, ಕೊನೆಗೆ ಉಳಿದ ಅಂತರ ಐದೇ ಐದು ಅಂಕ. ಈ ಆಟದಲ್ಲಿ ಐದಕ್ಕಿಂತ ಚಿಕ್ಕ ಅಂಕವೇ ಇಲ್ಲ. ಇದಕ್ಕಿಂತ ಕಡಿಮೆ ಅಂತರದಲ್ಲಿ ಸೋಲೋಕೆ ಆಗುವುದೇ ಇಲ್ಲ.

ಫೈನಲ್‌ಗಳು ಎಲ್ಲವೂ ಹೀಗಿರುವುದಿಲ್ಲ. 2016ರಲ್ಲಿ ಪೀಟರ್‌ಹೌಸ್ ಕಾಲೇಜು ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ತಂಡವನ್ನು 215–30ರಲ್ಲಿ ಸೋಲಿಸಿತ್ತು. ಅಂಥ ಆಟ ನೋಡುವಾಗ ಹತ್ತು ನಿಮಿಷಕ್ಕೇ ಕಥೆ ಮುಗಿದಿರುತ್ತದೆ. ಸೋತವರ ಬಗ್ಗೆ ಪಾಪ ಅನ್ನಿಸುತ್ತದೆ, ಆದರೆ ಪ್ರಶ್ನೆಗಳೇನೂ ಉಳಿಯುವುದಿಲ್ಲ. ಐದು ಅಂಕದ ಸೋಲು ಹಾಗಲ್ಲ. ಟಿವಿ ಆರಿಸಿದ ಮೇಲೂ ತಲೆಯೊಳಗೆ ಆಟ ನಡೆಯುತ್ತಲೇ ಇರುತ್ತದೆ. ಎಲ್ಲಿ ಹೋಯಿತು ಆ ಐದು ಅಂಕ? ಯಾರಿಂದ ಹೋಯಿತು?

ಈ ಎರಡನೇ ಪ್ರಶ್ನೆಯ ಬಗ್ಗೆ ನನಗೆ ತಕರಾರಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಟ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. 1962ರಲ್ಲಿ ಬ್ರಿಟನ್ನಿನ ಗ್ರಾನಡಾ ಟೆಲಿವಿಷನ್ ಇದನ್ನು ಶುರು ಮಾಡಿತು. ಮೂಲ ಅಮೆರಿಕದ ‘ಕಾಲೇಜ್ ಬೌಲ್’. ಬ್ಯಾಂಬರ್ ಗ್ಯಾಸ್ಕೋಯಿನ್ 1987ರವರೆಗೆ ನಡೆಸಿಕೊಟ್ಟರು. ಕೆಲವು ವರ್ಷ ನಿಂತುಹೋಗಿ 1994ರಲ್ಲಿ ‘ಬಿಬಿಸಿ ಟೂ’ ಚಾನೆಲ್‌ನಲ್ಲಿ ಮತ್ತೆ ಬಂತು. ಆಗಿನಿಂದ ಜೆರೆಮಿ ಪ್ಯಾಕ್ಸ್‌ಮನ್, 2023ರಿಂದ ಅಮೋಲ್ ರಾಜನ್. ಈ ರಾಜನ್ ಹುಟ್ಟಿದ್ದು ಕೋಲ್ಕತ್ತದಲ್ಲಿ, ಬೆಳೆದದ್ದು ಲಂಡನ್ನಿನಲ್ಲಿ. ಎರಡು ತಂಡ, ತಂಡಕ್ಕೆ ನಾಲ್ವರು. ಮೊದಲು ಒಂದು ಸ್ಟಾರ್ಟರ್ ಪ್ರಶ್ನೆ, ಅದಕ್ಕೆ 10 ಅಂಕ. ಯಾರು ಮೊದಲು ಬಝರ್ ಒತ್ತುತ್ತಾರೋ ಅವರೇ ಉತ್ತರ ಕೊಡಬೇಕು. ಪಕ್ಕದವರನ್ನು ಕೇಳುವ ಹಾಗಿಲ್ಲ. ಸರಿಯಾದರೆ ಆ ತಂಡಕ್ಕೆ ಮೂರು ಬೋನಸ್ ಪ್ರಶ್ನೆ ಸಿಗುತ್ತವೆ, ಒಂದೊಂದಕ್ಕೆ 5 ಅಂಕ. ಬೋನಸ್‌ನಲ್ಲಿ ನಾಲ್ವರೂ ತಲೆ ಸೇರಿಸಿ ಪಿಸುಗುಟ್ಟಬಹುದು. ಉತ್ತರ ಹೇಳುವುದು ಕ್ಯಾಪ್ಟನ್. ಇನ್ನೊಬ್ಬರು ಹೇಳಲಿ ಅಂದರೆ ಕ್ಯಾಪ್ಟನ್ ಅವರನ್ನು ‘ನಾಮಿನೇಟ್’ ಮಾಡಬೇಕು.

ಇನ್ನೊಂದು ನಿಯಮ ಇದೆ. ಆಟದ ಜೀವ ಇರುವುದೇ ಅದರಲ್ಲಿ. ಸ್ಟಾರ್ಟರ್ ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಬಝರ್ ಒತ್ತಬಹುದು. ಆದರೆ ಹಾಗೆ ನಡುವೆ ಬಾಯಿ ಹಾಕಿ ತಪ್ಪು ಹೇಳಿದರೆ 5 ಅಂಕ ಕಡಿತ. ಆಮೇಲೆ ಎದುರು ತಂಡಕ್ಕೆ ಪ್ರಶ್ನೆಯನ್ನು ಪೂರ್ತಿ ಓದುತ್ತಾರೆ. ಪೂರ್ತಿ ಕೇಳಿಸಿಕೊಂಡು ಒತ್ತಿ ತಪ್ಪಾದರೆ ಕಡಿತ ಇಲ್ಲ.

ಉದಾಹರಣೆಗೆ ನಾನೇ ಒಂದು ಪ್ರಶ್ನೆ ಕಟ್ಟುತ್ತೇನೆ. ‘1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ಅಧ್ಯಕ್ಷತೆ ವಹಿಸಿದ್ದ...’ ಇಷ್ಟು ಕೇಳಿದ ತಕ್ಷಣ ನಿಮ್ಮಲ್ಲಿ ಹಲವರ ಬೆರಳು ಬಝರ್ ಮೇಲೆ ಇರುತ್ತದೆ ಅಲ್ವಾ? ಗಾಂಧೀಜಿ! ಆದರೆ ಪ್ರಶ್ನೆ ಹೀಗೆ ಮುಂದುವರಿಯುತ್ತದೆ: ‘...ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿ, ಮುಂದೆ ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದ ಬಾಲಕಿ ಯಾರು?’ ಗಂಗೂಬಾಯಿ ಹಾನಗಲ್. ಗಾಂಧೀಜಿ ಅಂದವರಿಗೆ ಐದು ಅಂಕ ಹೋಯಿತು. ಎದುರಿನವರಿಗೆ ಹತ್ತು ಬಂತು, ಜೊತೆಗೆ ಮೂರು ಬೋನಸ್. ಮೂರನ್ನೂ ಅವರು ಸರಿ ಹೇಳಿದರೆ 25. ಅಂದರೆ ಒಂದು ಆತುರಕ್ಕೆ 30 ಅಂಕದ ಏರುಪೇರು. ಹಾಗಂತ ಪೂರ್ತಿ ಕೇಳಿಯೇ ಒತ್ತುತ್ತೇನೆ ಅಂತ ಕೂತರೆ ಎದುರಿನವರು ಎಂದೋ ಒತ್ತಿಬಿಟ್ಟಿರುತ್ತಾರೆ. ಇಬ್ಬರಿಗೂ ಉತ್ತರ ಗೊತ್ತಿರುತ್ತದೆ. ಯಾವ ಪದದ ಮೇಲೆ ಒತ್ತಬೇಕು ಅನ್ನುವುದೇ ಆಟ.

ಈಗ ಆ 175–170ಕ್ಕೆ ಬರೋಣ. ಸುಮ್ನೆ ಲೆಕ್ಕಕ್ಕೆ, ಕಡಿತ ಏನೂ ಆಗಲಿಲ್ಲ, ಎರಡೂ ತಂಡ ಒಂಬತ್ತೊಂಬತ್ತು ಸ್ಟಾರ್ಟರ್ ಗೆದ್ದವು ಅಂದುಕೊಳ್ಳಿ. ತಲಾ 90 ಅಂಕ. ಒಂಬತ್ತು ಸ್ಟಾರ್ಟರ್‌ಗೆ 27 ಬೋನಸ್ ಪ್ರಶ್ನೆ ಸಿಗುತ್ತವೆ. ಅದರಲ್ಲಿ ಒಂದು ತಂಡ 17 ಸರಿ ಹೇಳಿದರೆ 175. ಇನ್ನೊಂದು 16 ಹೇಳಿದರೆ 170. ಹದಿನಾರು ಮತ್ತು ಹದಿನೇಳು! ಸೋತ ತಂಡಕ್ಕೂ ಹತ್ತತ್ತಿರ ಅಷ್ಟೇ ಗೊತ್ತಿದೆ. ಯಾವುದೋ ಒಂದು ಬೋನಸ್‌ನಲ್ಲಿ ಹೆಸರು ನಾಲಿಗೆ ತುದಿಗೆ ಬಂದು ನಿಂತಿತು, ಅಷ್ಟೇ.

ಆ ಒಂದು ಬೋನಸ್ ಆಟದ ನಾಲ್ಕನೇ ನಿಮಿಷದಲ್ಲಿ ಹೋಗಿರಬಹುದು. ಆಗ ಅಂಕ 20–15 ಇರುತ್ತದೆ, ಯಾರೂ ಗಮನಿಸುವುದಿಲ್ಲ. ತಂಡದವರೇ ‘ಹೋಗಲಿ ಬಿಡು’ ಅಂದು ಮುಂದಿನ ಪ್ರಶ್ನೆಗೆ ಹೋಗಿರುತ್ತಾರೆ. ಇಪ್ಪತ್ತೈದನೇ ನಿಮಿಷದಲ್ಲಿ ಹೋದ ಬೋನಸ್‌ಗೂ ಅಷ್ಟೇ ಬೆಲೆ. ಆದರೆ ನಮ್ಮ ಕಣ್ಣಿಗೆ ಬೀಳುವುದು ಕೊನೆಯದು ಮಾತ್ರ. ಕೊನೆಯ ಬಝರ್ ಯಾರು ಒತ್ತಿದರು, ಏನು ತಪ್ಪು ಹೇಳಿದರು ಅನ್ನುವುದು ಉಳಿಯುತ್ತದೆ. ಮೊದಲಿನ ಇಪ್ಪತ್ತು ನಿಮಿಷ ಮರೆತೇ ಹೋಗುತ್ತದೆ. ಇದು ಅನ್ಯಾಯ ಅಂತ ನಾನು ಬಲವಾಗಿ ನಂಬುತ್ತೇನೆ.

ಹಾಗೆ ನಂಬೋಕೆ ಕಾರಣವೂ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಯ ತಂಡ ಜಿಲ್ಲಾ ಮಟ್ಟದ ರಸಪ್ರಶ್ನೆಗೆ ಹೋಗಿತ್ತು. ಟಿವಿಯೂ ಇಲ್ಲ, ಬಝರೂ ಇಲ್ಲ. ಕಲ್ಯಾಣ ಮಂಟಪದ ವೇದಿಕೆ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕ. ತಂಡದಲ್ಲಿ ಮೂವರಿದ್ದೆವು. ಹೆಚ್ಚಿನ ಉತ್ತರ ಕೊಟ್ಟಿದ್ದು ನಮ್ಮ ಜೊತೆಗಿದ್ದ ಹುಡುಗಿ. ನದಿ, ದೊರೆಗಳು, ವಚನಕಾರರು, ಏನು ಕೇಳಿದರೂ ಅವಳ ಹತ್ತಿರ ಇತ್ತು. ಕೊನೆಯ ಸುತ್ತಿನ ಕೊನೆಯ ಪ್ರಶ್ನೆ ನಮಗೆ ಬಂತು. ಅವಳು ಹೇಳಿದ್ದು ತಪ್ಪಾಯಿತು. ಪ್ರಶ್ನೆ ಪಾಸ್ ಆಗಿ ಪಕ್ಕದ ತಂಡಕ್ಕೆ ಹೋಯಿತು, ಅವರು ಹೇಳಿಬಿಟ್ಟರು. ನಾವು ಎರಡನೇ ಸ್ಥಾನ.

ವಾಪಸ್ ಬರುವಾಗ ಬಸ್ಸಿನಲ್ಲಿ ಸರ್ ಅವಳಿಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ‘ನಿನ್ನಿಂದಲೇ ಹೋಯ್ತು ನೋಡು. ಸುಮ್ನೆ ಪಾಸ್ ಅಂದಿದ್ರೆ ಆಗ್ತಿರಲಿಲ್ವಾ?’ ಅವಳು ಕಿಟಕಿ ಕಡೆ ತಿರುಗಿ ಕೂತಳು. ಮೊದಲನೇ ಸುತ್ತಿನಲ್ಲಿ ನಾವು ಸಾಲಾಗಿ ಎರಡು ಪ್ರಶ್ನೆ ಪಾಸ್ ಮಾಡಿದ್ದೆವು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಇಲ್ಲದಿದ್ದರೆ ನಾವು ಆ ವೇದಿಕೆಗೇ ಹತ್ತುತ್ತಿರಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರಲಿಲ್ಲ. ಮುಂದಿನ ವರ್ಷ ಅವಳು ತಂಡಕ್ಕೆ ಹೆಸರು ಕೊಡಲಿಲ್ಲ.

‘ಪಾಸ್’ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಶಾಲಾ ಕ್ವಿಜ್ ಅಂದರೆ ಬಹುಪಾಲು ಅದೇ ಪದ್ಧತಿ. ಪ್ರಶ್ನೆ ಒಂದು ತಂಡಕ್ಕೆ ಬರುತ್ತದೆ. ಗೊತ್ತಿಲ್ಲದಿದ್ದರೆ ಪಕ್ಕದವರಿಗೆ. ಹಾಗಾಗಿ ನೀವು ಯಾರ ಪಕ್ಕ ಕೂತಿದ್ದೀರಿ ಅನ್ನುವುದು ಬಹಳ ಮುಖ್ಯ. ನಿಮ್ಮ ಹಿಂದಿನ ತಂಡ ದುರ್ಬಲವಾಗಿದ್ದರೆ ಅಂಕ ತಾನಾಗೇ ಹರಿದು ಬರುತ್ತದೆ. ಈ ಅದೃಷ್ಟದ ಪಾಲು ಕಡಿಮೆ ಮಾಡೋಕೆ ನಮ್ಮ ಕ್ವಿಜ್ ಪ್ರೇಮಿಗಳು ತಲೆ ಕೆಡಿಸಿಕೊಂಡಿದ್ದಾರೆ. 1983ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನಂಥ ಕೂಟಗಳಲ್ಲಿ ಆಡಿದವರಿಗೆ ಇದೆಲ್ಲ ಗೊತ್ತು. ಉತ್ತರ ಹೇಳಿದ ತಂಡದ ಮುಂದಿನವರಿಂದ ಹೊಸ ಪ್ರಶ್ನೆ ಶುರು ಮಾಡುವುದು, ಸರದಿ ಇಲ್ಲದಿದ್ದರೂ ಚೀಟಿಯಲ್ಲಿ ಉತ್ತರ ಬರೆದುಕೊಟ್ಟು ಕಡಿತದ ಅಪಾಯ ಮೈಮೇಲೆ ಹಾಕಿಕೊಳ್ಳುವುದು, ಹೀಗೆ. ಎರಡೇ ತಂಡ, ಒಂದು ಬಝರ್ ಇರುವ ಆಟದಲ್ಲಿ ಮಾತ್ರ ಆಸನದ ಅದೃಷ್ಟ ಪೂರ್ತಿ ಹೋಗುತ್ತದೆ. ಪ್ರತಿ ಸ್ಟಾರ್ಟರ್ ಇಬ್ಬರಿಗೂ ಒಟ್ಟಿಗೇ ಬರುತ್ತದೆ.

ನಾನು ಈಗ ಇರುವುದು ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ. 2022ರ ಫೈನಲ್‌ನಲ್ಲಿ ನಮ್ಮೂರಿನ ವಿಶ್ವವಿದ್ಯಾಲಯವೇ ಇತ್ತು. ಎದುರಿಗೆ ಲಂಡನ್ನಿನ ಇಂಪೀರಿಯಲ್ ಕಾಲೇಜು. ಇಂಪೀರಿಯಲ್ ಇಲ್ಲಿಯ ದೈತ್ಯ. 1996, 2001, 2020, 2022, 2024, ಒಟ್ಟು ಐದು ಸಲ ಗೆದ್ದವರು. ಅಂಥವರೆದುರು ರೆಡಿಂಗ್ 140–120ರಲ್ಲಿ ಸೋತಿತು. ಇಪ್ಪತ್ತು ಅಂಕ. ಒಂದು ಸ್ಟಾರ್ಟರ್, ಎರಡು ಬೋನಸ್ ಆಗಿದ್ದರೆ ಸಮ. ಅಥವಾ ಇನ್ನೊಂದು ರೀತಿ ನೋಡಿ: ಅವರು ಗೆದ್ದ ಒಂದೇ ಒಂದು ಸ್ಟಾರ್ಟರ್, ಬೋನಸ್ ಬಿಟ್ಟು ಬರೀ ಹತ್ತು ಅಂಕ, ಈ ಕಡೆ ಬಂದಿದ್ದರೂ 130–130 ಆಗುತ್ತಿತ್ತು. ಕಾಲು ಸೆಕೆಂಡಿನ ವಿಷಯ. ಅವತ್ತು ನಾನು ಕೂತಲ್ಲಿ ಕೂರಲಿಲ್ಲ. ಹುಟ್ಟಿದೂರು ಅಲ್ಲ, ಓದಿದ ಕಾಲೇಜು ಅಲ್ಲ, ಆದರೂ ದಿನಾ ಬಸ್ಸಿನಲ್ಲಿ ಆ ಕ್ಯಾಂಪಸ್ ಪಕ್ಕದಲ್ಲೇ ಹೋಗುತ್ತೇನಲ್ಲ. ಅಷ್ಟು ಸಾಕಿತ್ತು.

ಸಮ ಆಗಿದ್ದರೆ? ಆಗ ಒಂದೇ ಒಂದು ಸ್ಟಾರ್ಟರ್. ಮೊದಲು ಸರಿ ಹೇಳಿದವರು ಗೆದ್ದರು. ನಡುವೆ ಒತ್ತಿ ತಪ್ಪು ಹೇಳಿದರೆ ಐದು ಅಂಕ ಕಡಿತವಾಗಿ ಅಲ್ಲೇ ಸೋತರು. ಟಿವಿಯಲ್ಲಿ ನೋಡೋಕೆ ಇದಕ್ಕಿಂತ ಬಿಗಿಯಾದ ಕ್ಷಣ ನನಗೆ ಗೊತ್ತಿಲ್ಲ.

ಆಟದ ಕೊನೆಯ ಎರಡು ಮೂರು ನಿಮಿಷ ಬೇರೆಯದೇ ಲೋಕ. ಸಮಯ ಮುಗಿದ ತಕ್ಷಣ ಗಾಂಗ್ ಬಾರಿಸುತ್ತದೆ. ಪ್ರಶ್ನೆ ಅರ್ಧದಲ್ಲಿದ್ದರೂ ಅಷ್ಟೇ, ಆಟ ಮುಗಿಯಿತು. ಹಿಂದಿರುವ ತಂಡಕ್ಕೆ ಆಗ ಬೋನಸ್ ಸಿಕ್ಕಿದರೂ ಸಂಕಟ. ಹತ್ತು ಸೆಕೆಂಡು ಯೋಚಿಸಿದರೆ ಐದು ಅಂಕ ಬರಬಹುದು. ಆದರೆ ಆ ಹತ್ತು ಸೆಕೆಂಡಿನಲ್ಲಿ ಇನ್ನೊಂದು ಸ್ಟಾರ್ಟರ್ ಬರಬಹುದಿತ್ತು. ಇಪ್ಪತ್ತೈದು ಅಂಕದ ಬಾಗಿಲು ಅದು. ಅದಕ್ಕೇ ಕೆಲವು ಕ್ಯಾಪ್ಟನ್‌ಗಳು ಗೊತ್ತಿಲ್ಲದ ಬೋನಸ್‌ಗೆ ಕ್ಷಣವೂ ತಡಮಾಡದೆ ‘ಪಾಸ್’ ಅಂದುಬಿಡುತ್ತಾರೆ. ಮುಂದಿರುವ ತಂಡದ ಕ್ಯಾಪ್ಟನ್ ನಿಧಾನವಾಗಿ ಮೂವರ ಮುಖ ನೋಡುತ್ತಾ, ಒಬ್ಬೊಬ್ಬರನ್ನೇ ಕೇಳುತ್ತಾ ಕೂರಬಹುದು. ಪ್ಯಾಕ್ಸ್‌ಮನ್ ಇದಕ್ಕೆ ಅವಕಾಶವೇ ಕೊಡುತ್ತಿರಲಿಲ್ಲ. ‘ಕಮ್ ಆನ್!’ ಅಂತ ಗದರುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಅದು ಒರಟುತನ ಅಂತ ಹಲವರಿಗೆ ಅನ್ನಿಸಿದೆ. ಆದರೆ ಹಿಂದಿರುವ ತಂಡದ ಜಾಗದಲ್ಲಿ ನಿಂತು ನೋಡಿದರೆ ಆ ಗದರಿಕೆಯಲ್ಲಿ ನ್ಯಾಯ ಇತ್ತು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಬೋನಸ್ ಸಮಯದ ಪಿಸುಮಾತು. ಮೈಕು ಅದನ್ನು ಹಿಡಿದು ನಮಗೂ ಕೇಳಿಸುತ್ತದೆ. ನಾಲ್ವರ ತಲೆ ಒಟ್ಟಿಗೆ ಬಾಗುತ್ತದೆ. ಒಬ್ಬರು ಒಂದು ಹೆಸರು ಹೇಳುತ್ತಾರೆ. ಇನ್ನೊಬ್ಬರು ‘ಇಲ್ಲ, ಅವರು ಆ ಕಾಲದವರಲ್ಲ’ ಅನ್ನುತ್ತಾರೆ. ಮೂರನೆಯವರು ಮೆಲ್ಲಗೆ ಮತ್ತೊಂದು ಹೆಸರು ಹೇಳುತ್ತಾರೆ, ಅರ್ಧ ನಂಬಿಕೆಯಲ್ಲಿ. ಈಗ ಕ್ಯಾಪ್ಟನ್ ಒಂದನ್ನು ಆರಿಸಬೇಕು. ಗಟ್ಟಿಯಾಗಿ ಹೇಳಿದ್ದನ್ನೋ, ಮೆಲ್ಲಗೆ ಹೇಳಿದ್ದನ್ನೋ? ಎಷ್ಟೋ ಸಲ ಸರಿಯುತ್ತರ ಆ ಮೆಲುದನಿಯಲ್ಲೇ ಇರುತ್ತದೆ. ಕ್ಯಾಪ್ಟನ್ ಬೇರೆಯದನ್ನು ಹೇಳಿರುತ್ತಾರೆ. ಸರಿಯುತ್ತರ ಪ್ರಕಟವಾದಾಗ ಆ ಮೂರನೆಯವರ ಮುಖ ನೋಡಬೇಕು. ಒಳ್ಳೆಯ ತಂಡದಲ್ಲಿ ಅವರು ಸಿಟ್ಟಾಗುವುದಿಲ್ಲ. ಕ್ಯಾಪ್ಟನ್ ಅವರ ಕಡೆ ತಿರುಗಿ ‘ಸಾರಿ’ ಅನ್ನುತ್ತಾರೆ, ಅವರು ಸಣ್ಣಗೆ ತಲೆಯಾಡಿಸುತ್ತಾರೆ. ಮುಂದಿನ ಸಲ ಅದೇ ಮೆಲುದನಿ ಬಂದಾಗ ಕ್ಯಾಪ್ಟನ್ ಕೇಳಿಸಿಕೊಳ್ಳುತ್ತಾರೆ, ‘ನಾಮಿನೇಟ್’ ಮಾಡುತ್ತಾರೆ. ಒಂದು ಸೀಸನ್ ಪೂರ್ತಿ ಒಂದೇ ತಂಡವನ್ನು ನೋಡಿದರೆ ಈ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಮಾತೇ ಆಡದವರು ಸೆಮಿಫೈನಲ್ ಹೊತ್ತಿಗೆ ಇಡೀ ಬೋನಸ್ ಸಾಲನ್ನು ಎತ್ತಿ ಹಿಡಿಯುವುದನ್ನು ನೋಡಿ ನನಗೆ ಗಂಟಲು ಕಟ್ಟಿದ್ದುಂಟು.

ಐದು ಅಂಕದ ಆಟ ಗೆಲ್ಲುವುದೂ ಸೋಲುವುದೂ ಬಹಳ ಸಲ ಈ ಪಿಸುಮಾತಿನಲ್ಲೇ. ಬಝರ್ ಒತ್ತಿದವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಕಾಲೇಜಿನ ಹೆಸರು ಮೊದಲು, ಆಮೇಲೆ ಆ ವ್ಯಕ್ತಿಯದು. ಪಿಸುಗುಟ್ಟಿದವರ ಹೆಸರನ್ನು ಯಾರೂ ಕೂಗುವುದಿಲ್ಲ.

ನೋಡುವವರು ಒಂದೇ ಮುಖ ಹಿಡಿದುಕೊಳ್ಳುವುದು ಸೋಲಿನಲ್ಲಿ ಮಾತ್ರ ಅಲ್ಲ. 2009ರಲ್ಲಿ ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ತಂಡದ ನಾಯಕಿಗೆ ಪತ್ರಿಕೆಗಳು ‘ಮಾನವ ಗೂಗಲ್’ ಅಂತ ಹೆಸರಿಟ್ಟವು. ಹೊಗಳಿಕೆ ಎಷ್ಟಿತ್ತೋ, ಅವಳ ನಗು, ಅವಳ ರೀತಿಯ ಬಗ್ಗೆ ಕೆಟ್ಟ ಮಾತೂ ಅಷ್ಟೇ ಬಂತು. ಬುದ್ಧಿವಂತೆ ಅನ್ನುವುದೇ ತಪ್ಪು ಅನ್ನುವ ಹಾಗೆ. ಫೈನಲ್‌ನಲ್ಲಿ ಆ ತಂಡ ಮ್ಯಾಂಚೆಸ್ಟರನ್ನು 275–190ರಲ್ಲಿ ಸೋಲಿಸಿತು. ಆಮೇಲೆ ತಂಡದ ಇನ್ನೊಬ್ಬ ಸದಸ್ಯ ಸರಣಿ ಮುಗಿಯುವ ಮೊದಲೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ಅನ್ನುವ ಕಾರಣಕ್ಕೆ ಪ್ರಶಸ್ತಿಯನ್ನು ವಾಪಸ್ ತೆಗೆದುಕೊಂಡು ಮ್ಯಾಂಚೆಸ್ಟರಿಗೆ ಕೊಟ್ಟರು. ಹೆಸರು ಒಬ್ಬಳಿಗೆ, ನಿಯಮ ಮುರಿದದ್ದು ಇನ್ನೊಬ್ಬನಿಂದ, ಪ್ರಶಸ್ತಿ ಹೋದದ್ದು ನಾಲ್ವರದ್ದೂ. ನಿಯಮ ನಿಯಮವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಉಳಿದಿಬ್ಬರ ಬಗ್ಗೆ ಮಾತ್ರ ಯಾರೂ ಏನೂ ಬರೆಯಲಿಲ್ಲವಲ್ಲ ಅನ್ನಿಸುತ್ತದೆ.

ಈ ಆಟದ ಬುಡದಲ್ಲೇ ಒಂದು ಏರುಪೇರು ಇದೆ, ಅದನ್ನೂ ಹೇಳದೆ ಬಿಡಬಾರದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜಿನ ಒಂದೊಂದು ಕಾಲೇಜೂ ಬೇರೆ ಬೇರೆ ತಂಡ ಕಳಿಸಬಹುದು. ಬೇರೆ ಹೆಚ್ಚಿನ ವಿಶ್ವವಿದ್ಯಾಲಯಗಳಿಗೆ ಒಂದೇ ತಂಡ. 1975ರಲ್ಲಿ ಮ್ಯಾಂಚೆಸ್ಟರ್ ವಿದ್ಯಾರ್ಥಿಗಳು ಇದನ್ನು ಪ್ರತಿಭಟಿಸಿ, ಕೇಳಿದ ಹೆಚ್ಚಿನ ಪ್ರಶ್ನೆಗಳಿಗೆ ಮಾರ್ಕ್ಸ್, ಲೆನಿನ್, ಟ್ರಾಟ್‌ಸ್ಕಿ, ಚೆ ಗೆವಾರ ಅಂತಲೇ ಉತ್ತರ ಕೊಟ್ಟಿದ್ದರು. ನಿಯಮ ಬದಲಾಗಲಿಲ್ಲ. ಅದೇ ಮ್ಯಾಂಚೆಸ್ಟರ್ ಆಮೇಲೆ 2006, 2009, 2012, 2013ರಲ್ಲಿ ಪ್ರಶಸ್ತಿ ಗೆದ್ದಿತು. ವಾರಿಕ್ ಕೂಡ 2007 ಮತ್ತು 2021ರಲ್ಲಿ ಗೆದ್ದಿದೆ. 2025ರಲ್ಲಿ ಮೂರನೆಯದು ಐದು ಅಂಕದಲ್ಲಿ ತಪ್ಪಿತು.

ಸೋತ ಆ ನಾಲ್ವರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಫೈನಲ್ ಪ್ರಸಾರವಾಗುವುದಕ್ಕೆ ತಿಂಗಳುಗಳ ಮೊದಲೇ ಆಟದ ಚಿತ್ರೀಕರಣ ಮುಗಿದಿರುತ್ತದೆ. ಫಲಿತಾಂಶ ಅವರಿಗೆ ಗೊತ್ತು, ಹೇಳುವ ಹಾಗಿಲ್ಲ. ಮನೆಯವರು, ಗೆಳೆಯರು ಪ್ರತಿ ವಾರ ಹುರುಪಿನಿಂದ ನೋಡುತ್ತಿರುತ್ತಾರೆ. ಇವರು ಪಕ್ಕದಲ್ಲಿ ಕೂತು, ಐದು ಅಂಕ ಎಲ್ಲಿ ಹೋಗುತ್ತದೆ ಅನ್ನುವುದು ಗೊತ್ತಿದ್ದೂ, ಸುಮ್ಮನೆ ನೋಡಬೇಕು. ಆ ವಯಸ್ಸಿನಲ್ಲಿ ಅದು ಸಣ್ಣ ಭಾರ ಅಲ್ಲ.

ಕನ್ನಡದಲ್ಲಿ ಇಂಥದ್ದೊಂದು ಬೇಕು ಅಂತ ನನ್ನ ಆಸೆ. ನಮ್ಮಲ್ಲಿ ರಸಪ್ರಶ್ನೆ ನೋಡುವವರಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಡಾ. ನಾ. ಸೋಮೇಶ್ವರ ಅವರು 2002ರಿಂದ ದೂರದರ್ಶನ ಚಂದನದಲ್ಲಿ ‘ಥಟ್ ಅಂತ ಹೇಳಿ’ ನಡೆಸಿಕೊಂಡು ಬಂದಿದ್ದಾರೆ. ಸಾವಿರಾರು ಕಂತುಗಳಾಗಿವೆ. ಗೆದ್ದವರಿಗೆ ಪುಸ್ತಕವೇ ಬಹುಮಾನ. ಲಕ್ಷಾಂತರ ರೂಪಾಯಿಯ ಆಸೆ ತೋರಿಸದೆ ಕನ್ನಡದ ಜನ ಪ್ರಶ್ನೋತ್ತರ ನೋಡುತ್ತಾರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಅಲ್ಲಿ ಒಬ್ಬೊಬ್ಬರೇ ಆಡುತ್ತಾರೆ. ನಾನು ಹೇಳುತ್ತಿರುವುದು ಕಾಲೇಜು ತಂಡಗಳ ಆಟ. ಕಲಬುರಗಿಯ ನಾಲ್ವರು, ಮಂಗಳೂರಿನ ನಾಲ್ವರು, ನಡುವೆ ಒಂದು ಬಝರ್. ಯೂನಿವರ್ಸಿಟಿ ಚಾಲೆಂಜಿನ ಭಾರತದ ಆವೃತ್ತಿಯನ್ನು ಸಿದ್ಧಾರ್ಥ ಬಸು ಈ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲಿಷಿನಲ್ಲಿ ನಡೆಸಿಕೊಟ್ಟಿದ್ದರು. ಅದನ್ನು ಕನ್ನಡದಲ್ಲಿ ಮಾಡೋಕೆ ಆಗದ್ದೇನಿಲ್ಲ. ರಾಯಚೂರಿನ ಹುಡುಗ ಭೌತಶಾಸ್ತ್ರದ ಬೋನಸ್ ಬಗ್ಗೆ ತನ್ನ ಕನ್ನಡದಲ್ಲಿ ವಾದ ಮಾಡುವುದು, ಪಕ್ಕದವಳು ‘ಹಂಗಲ್ಲೋ, ಅದು ಬ್ಯಾರೆ’ ಅಂತ ತಡೆಯುವುದು, ಇದೆಲ್ಲ ಟಿವಿಯಲ್ಲಿ ಕೇಳಬೇಕು ಅನ್ನಿಸುತ್ತದೆ.

ಯಾರಾದರೂ ಮಾಡುವುದಾದರೆ ನನ್ನ ಕೋರಿಕೆ ಎರಡೇ. ತಂಡ ಮಾತಾಡಿಕೊಳ್ಳುವಾಗ ಹಿನ್ನೆಲೆ ಸಂಗೀತ ಹಾಕಬೇಡಿ, ನಾಲ್ವರ ಮೈಕೂ ತೆರೆದಿಡಿ. ಮತ್ತೆ, ಆಟ ಐದು ಅಂಕದಲ್ಲಿ ಮುಗಿದರೆ ಕೊನೆಯ ತಪ್ಪು ಉತ್ತರವನ್ನು ನಿಧಾನ ಮಾಡಿ ಮೂರು ಮೂರು ಸಲ ತೋರಿಸಬೇಡಿ. ತೋರಿಸಲೇಬೇಕು ಅಂದರೆ ನಾಲ್ಕನೇ ನಿಮಿಷದ ಆ ಬೋನಸ್ಸನ್ನೂ ಜೊತೆಗೆ ತೋರಿಸಿ.